ಹಳ್ಳಿಯ ಹಳೇ ಚರ್ಚ್ ನೋಡುವುದು ಹೇಗೆ? ಕಿಲ್ಪೆಕ್‌ನಿಂದ ಶುರು ಮಾಡಿ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಬಂದವರು ಲಂಡನ್ ನೋಡುತ್ತಾರೆ, ಸ್ಟೋನ್‌ಹೆಂಜ್ ನೋಡುತ್ತಾರೆ, ಟಿಕೆಟ್ ತೆಗೆದುಕೊಂಡು ಯಾವುದಾದರೂ ದೊಡ್ಡ ಕ್ಯಾಥೆಡ್ರಲ್‌ಗೂ ಹೋಗಿಬರುತ್ತಾರೆ. ದಾರಿಯಲ್ಲಿ ಸಿಗುವ ಎಂಟುನೂರು, ಒಂಬೈನೂರು ವರ್ಷದ ಹಳ್ಳಿ ಚರ್ಚ್ ಮಾತ್ರ ಕಾರಿನ ಕಿಟಕಿಯಾಚೆ ಹಾಗೇ ಸರಿದುಹೋಗುತ್ತದೆ. ಅಲ್ಲಿ ಟಿಕೆಟ್ ಇಲ್ಲ, ಕ್ಯೂ ಇಲ್ಲ, ಹಗ್ಗ ಕಟ್ಟಿ ದೂರ ನಿಲ್ಲಿಸುವವರೂ ಇಲ್ಲ. ಕೆತ್ತನೆಯ ಪಕ್ಕದಲ್ಲೇ ಮೂಗಿಟ್ಟು ನೋಡಬಹುದು. ಏನು ನೋಡಬೇಕು ಅಂತ ಗೊತ್ತಿದ್ದರೆ ಅರ್ಧ ದಿನ ಸಾಲುವುದಿಲ್ಲ.

ನಾನು ಹೆರಿಫರ್ಡ್‌ನಲ್ಲಿ ನರ್ಸ್. ತವರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ, ವಿಗ್ರಹ ಕೆತ್ತುವವರ ಊರು. ಅಪ್ಪನದೂ ಅದೇ ಕಸುಬು. ಉಳಿ, ಸುತ್ತಿಗೆ ಸದ್ದಿನಲ್ಲೇ ಬೆಳೆದವಳು ನಾನು. ಹಾಗಾಗಿ ಯಾವ ಕಟ್ಟಡದ ಎದುರು ನಿಂತರೂ ಕಣ್ಣು ಮೊದಲು ಕಲ್ಲಿನ ಮೇಲೆ ಹೋಗುತ್ತದೆ. ಇದನ್ನು ಯಾರು ಕೆತ್ತಿದರು, ಯಾವಾಗ, ಯಾವ ಉಳಿಯಲ್ಲಿ? ಈ ಮೂರು ಪ್ರಶ್ನೆ ಹಿಡಿದುಕೊಂಡು ಹೋದರೆ ಇಂಗ್ಲೆಂಡಿನ ಯಾವ ಹಳ್ಳಿ ಚರ್ಚ್ ಆದರೂ ತಾನಾಗಿಯೇ ಮಾತಾಡುತ್ತದೆ.

ಮೊದಲ ಸಲಕ್ಕೆ ಕಿಲ್ಪೆಕ್‌ಗೆ ಹೋಗಿ. ಹೆರಿಫರ್ಡ್ ಪಟ್ಟಣದಿಂದ ಅಬರ್ಗವೆನ್ನಿ ಕಡೆ ಹೋಗುವ ಎ465 ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋಗಿ ಎಡಕ್ಕೆ ಸಣ್ಣ ದಾರಿ ಹಿಡಿಯಬೇಕು. ನಾಲ್ಕು ಮನೆ, ಒಂದು ಪಬ್, ಸುತ್ತ ಕುರಿ ಮೇಯುವ ಹೊಲ. ವೇಲ್ಸ್ ಗಡಿ ಹತ್ತಿರದಲ್ಲೇ ಇದೆ. ಇಲ್ಲಿನ ಚರ್ಚ್ ಸಂತ ಮೇರಿ ಮತ್ತು ಸಂತ ಡೇವಿಡ್ ಹೆಸರಿನದು. ಡೇವಿಡ್ ವೇಲ್ಸ್ ಜನರ ಸಂತ. ಈ ಸೀಮೆ ಹಿಂದೆ ಎರ್ಗಿಂಗ್ ಅನ್ನುವ ವೇಲ್ಸ್ ಸಂಸ್ಥಾನಕ್ಕೆ ಸೇರಿತ್ತು.

ಕಿಲ್ಪೆಕ್ ಯಾಕೆ ಅಂದರೆ, ಇದು ಕಟ್ಟಿದ ಹಾಗೇ ಉಳಿದಿದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಸೀಮೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಈ ಜಹಗೀರು ವಿಲಿಯಂ ಫಿಟ್ಸ್‌ನಾರ್ಮನ್ ಕೈಗೆ ಬಂತು. ಅವನ ಮಗ ಹ್ಯೂ ಕಾಲದಲ್ಲಿ, ಸುಮಾರು 1140ರ ಹೊತ್ತಿಗೆ, ಈಗಿನ ಚರ್ಚ್ ಎದ್ದಿತು. ಪಕ್ಕದಲ್ಲೇ ಕೋಟೆ ಇತ್ತು, ಊರಿತ್ತು. ಆಮೇಲೆ ಕೋಟೆ ಪಾಳುಬಿತ್ತು, ಊರು ಸೊರಗಿತು. ಚರ್ಚ್ ದೊಡ್ಡದು ಮಾಡುವ ಅಗತ್ಯವೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಬೇರೆ ಕಡೆ ಶತಮಾನಕ್ಕೊಂದು ಕೋಣೆ, ಗೋಪುರ ಸೇರಿಸುತ್ತಾ ಹೋದರು. ಇಲ್ಲಿ ಅದು ಆಗಲಿಲ್ಲ. ಅದಕ್ಕೇ ಕಲಿಯುವವರಿಗೆ ಇದು ಒಳ್ಳೆಯ ಜಾಗ. ನಾರ್ಮನ್ ಕೆಲಸ ಹೇಗಿರುತ್ತದೆ ಅಂತ ಇಲ್ಲಿ ಒಮ್ಮೆ ಕಣ್ಣಿಗೆ ಕೂತರೆ, ಬೇರೆ ಚರ್ಚ್‌ಗಳಲ್ಲಿ ಕಲಬೆರಕೆಯ ನಡುವೆಯೂ ಗುರುತು ಸಿಗುತ್ತದೆ.

ಹೋಗುವಾಗ ಒಂದು ದುರ್ಬೀನು, ಒಂದು ಟಾರ್ಚ್ ಇಟ್ಟುಕೊಳ್ಳಿ. ಬೇಸಿಗೆಯಾದರೂ ಸ್ವೆಟರ್ ಬೇಕು, ದಪ್ಪ ಕಲ್ಲುಗೋಡೆ ನೋಡಿ, ಒಳಗೆ ಹೊರಗಿಗಿಂತ ತಣ್ಣಗೆ ಇರುತ್ತದೆ. ಚಪ್ಪಲಿ ಬಿಡಬೇಕಾಗಿಲ್ಲ. ಹುಲ್ಲು ಒದ್ದೆ ಇರುವುದರಿಂದ ಬೂಟು ಹಾಕಿಕೊಂಡು ಹೋದರೆ ಒಳ್ಳೆಯದು, ಕೆಸರಾಗಿದ್ದರೆ ಬಾಗಿಲಲ್ಲಿ ಒರೆಸಿಕೊಳ್ಳಿ. ಹಳ್ಳಿ ಕಡೆ ಒಬ್ಬರೇ ಪಾದ್ರಿ ಐದಾರು ಚರ್ಚ್ ನೋಡಿಕೊಳ್ಳುತ್ತಾರೆ. ಹಾಗಾಗಿ ಯಾವ ಭಾನುವಾರ ಎಲ್ಲಿ ಪ್ರಾರ್ಥನೆ ಅಂತ ಬಾಗಿಲ ಬಳಿಯ ಬೋರ್ಡಿನಲ್ಲಿ ಹಾಕಿರುತ್ತಾರೆ. ಆ ಹೊತ್ತು ಬಿಟ್ಟು ಹೋಗಿ.

ಮೊದಲು ಒಳಗೆ ಹೋಗಬೇಡಿ

ಇದು ನನ್ನ ಮುಖ್ಯ ಮಾತು. ಎಲ್ಲರೂ ಕಾರಿಳಿದು ನೇರ ಬಾಗಿಲಿಗೆ ಹೋಗುತ್ತಾರೆ, ಒಳಗೆ ಹತ್ತು ನಿಮಿಷ ತಿರುಗಿ ಫೋಟೊ ತೆಗೆದು ಬರುತ್ತಾರೆ. ಹಳ್ಳಿ ಚರ್ಚ್‌ನ ಚರಿತ್ರೆ ಅರ್ಧಕ್ಕಿಂತ ಜಾಸ್ತಿ ಹೊರಗೋಡೆಯಲ್ಲಿರುತ್ತದೆ. ದೇವಸ್ಥಾನಕ್ಕೆ ಹೋದಾಗ ನಾವು ಪ್ರದಕ್ಷಿಣೆ ಹಾಕುತ್ತೇವಲ್ವಾ, ಇಲ್ಲೂ ಮೊದಲು ಒಂದು ಸುತ್ತು ಹಾಕಿ.

ಕಿಲ್ಪೆಕ್‌ನಲ್ಲಿ ಸುತ್ತು ಹಾಕುವಾಗ ಮೊದಲು ಪಶ್ಚಿಮಕ್ಕೆ ನೋಡಿ. ಗಿಡಗಂಟಿಯ ದಿಬ್ಬ ಕಾಣುತ್ತದೆ, ಮೇಲೆ ಮುರಿದ ಗೋಡೆಯ ತುಂಡು ನಿಂತಿದೆ. ಅದೇ ಕೋಟೆ. ಇನ್ನೊಂದು ಕಡೆ ಹೊಲದಲ್ಲಿ ಏರುತಗ್ಗುಗಳಿವೆ. ಸುಮ್ನೆ ನೋಡಿದರೆ ಹುಲ್ಲು, ಆದರೆ ಅದು ಹಾಳಾದ ಹಳೇ ಊರಿನ ಮನೆ, ದಾರಿಗಳ ಗುರುತು. ಕೋಟೆ, ಚರ್ಚ್, ಊರು ಮೂರೂ ಒಂದಕ್ಕೊಂದು ತಾಗಿಕೊಂಡಿದ್ದವು. ದಣಿ ಯಾರು, ಚರ್ಚ್ ಯಾರ ದುಡ್ಡಿನದು ಅಂತ ಈ ಜಾಗವೇ ಹೇಳುತ್ತದೆ.

ಆಮೇಲೆ ಕಟ್ಟಡದ ಆಕಾರ ನೋಡಿ. ಪಶ್ಚಿಮದಿಂದ ಪೂರ್ವಕ್ಕೆ ಮೂರು ಭಾಗ, ಒಂದಕ್ಕಿಂತ ಒಂದು ಚಿಕ್ಕದು. ಜನ ನಿಲ್ಲುವ ಉದ್ದ ಹಜಾರಕ್ಕೆ ನೇವ್ ಅನ್ನುತ್ತಾರೆ. ಅದರ ಮುಂದೆ ಪಾದ್ರಿಯ ಜಾಗ, ಚಾನ್ಸೆಲ್. ಕೊನೆಗೆ ಅರ್ಧವೃತ್ತವಾಗಿ ಬಾಗಿದ ಗೋಡೆ, ಆ್ಯಪ್ಸ್. ಪೂಜಾವೇದಿ ಪೂರ್ವ ತುದಿಗೆ. ಈ ದಿಕ್ಕು ಬಹುಮಟ್ಟಿಗೆ ಎಲ್ಲ ಹಳೇ ಚರ್ಚ್‌ಗೂ ಒಂದೇ, ಹಾಗಾಗಿ ಕಂಪಾಸ್ ಬೇಕಾಗಿಲ್ಲ. ಗೋಪುರ ಇಲ್ಲಿಲ್ಲ, ಪಶ್ಚಿಮದ ಮಾಡಿನ ಮೇಲೆ ಸಣ್ಣ ಗಂಟೆಗೂಡು ಮಾತ್ರ.

ಬೇರೆ ಊರುಗಳಲ್ಲಿ ನೇವ್ ಒಂದು ಕಾಲದ್ದು, ಚಾನ್ಸೆಲ್ ಇನ್ನೊಂದು ಕಾಲದ್ದು ಆಗಿರುವುದು ತುಂಬಾ ಕಾಣುತ್ತದೆ. ಒಂದು ಚೆನ್ನಾಗಿ ಕಟ್ಟಿರುತ್ತದೆ, ಇನ್ನೊಂದು ಬಡವಾಗಿರುತ್ತದೆ. ಕಾರಣ ಸರಳ. 13ನೇ ಶತಮಾನದಿಂದೀಚೆಗೆ ಚಾನ್ಸೆಲ್ ರಿಪೇರಿ ರೆಕ್ಟರ್ ಲೆಕ್ಕ, ಅಂದರೆ ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಪಡೆಯುವವನ ಲೆಕ್ಕ. ನೇವ್ ರಿಪೇರಿ ಊರಿನವರ ಲೆಕ್ಕ. ಎರಡು ಜೇಬು, ಎರಡು ಕಟ್ಟಡ. ಊರಿನವರು ಉಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿದ್ದರೆ ನೇವ್ ಎತ್ತರಕ್ಕೆ ಎದ್ದು ನಿಂತಿರುತ್ತದೆ, ಚಾನ್ಸೆಲ್ ಅದರ ಹಿಂದೆ ಗಿಡ್ಡಕ್ಕೆ ಕೂತಿರುತ್ತದೆ.

ಕಿಲ್ಪೆಕ್‌ನಲ್ಲೂ ಒಂದು ಕಡೆ ಕಲ್ಲು ಬದಲಾಗುತ್ತದೆ. ನೇವ್‌ನ ಈಶಾನ್ಯ ಮೂಲೆಗೆ ಹೋಗಿ. ಅಲ್ಲಿ ಒಂದು ಕಲ್ಲು ಉದ್ದಕ್ಕೆ ನಿಲ್ಲಿಸಿ, ಮೇಲೊಂದು ಅಡ್ಡ ಮಲಗಿಸಿ, ಮತ್ತೆ ಒಂದು ನಿಲ್ಲಿಸಿ ಮೂಲೆ ಕಟ್ಟಿದ್ದಾರೆ. ನಾರ್ಮನ್ನರು ಬರುವುದಕ್ಕೆ ಮೊದಲಿನ ಸ್ಯಾಕ್ಸನ್ ರೀತಿ ಇದು. ಹಳೇ ಚರ್ಚ್ ಕೆಡವಿದಾಗ ಆ ಮೂಲೆಯನ್ನು ಹಾಗೇ ಬಿಟ್ಟುಕೊಂಡು ಹೊಸದನ್ನು ಸೇರಿಸಿದ್ದಾರೆ. ಜನ ಈ ಮೂಲೆ ಕಡೆ ತಿರುಗಿಯೂ ನೋಡುವುದಿಲ್ಲ. ನನಗಂತೂ ಇಡೀ ಕಟ್ಟಡದಲ್ಲಿ ಇದರ ಮೇಲೆ ಪ್ರೀತಿ ಜಾಸ್ತಿ.

ಮಾಡಿನ ಕೆಳಗೆ ಕಣ್ಣೆತ್ತಿ

ಈಗ ದುರ್ಬೀನು ತೆಗೆಯಿರಿ. ಗೋಡೆ ಮುಗಿದು ಮಾಡು ಶುರುವಾಗುವ ಕಡೆ ಉದ್ದಕ್ಕೂ ಸಾಲಾಗಿ ಕಲ್ಲಿನ ತಲೆಗಳು ಚಾಚಿಕೊಂಡಿವೆ. ಇವು ಕಾರ್ಬೆಲ್. ಮಾಡಿನ ಅಂಚಿನ ಭಾರ ಹೊರುವ ಚಾಚುಗಲ್ಲುಗಳು. ಮೊದಲು 91 ಇದ್ದವು, ಈಗ 85 ಇವೆ. ಒಂದರ ಹಾಗೆ ಒಂದಿಲ್ಲ. ಟಗರು, ಹಕ್ಕಿ, ಪಿಟೀಲಿನಂಥ ವಾದ್ಯ ನುಡಿಸುವವನು, ಅಪ್ಪಿಕೊಂಡ ಜೋಡಿ, ಹೆಸರಿಲ್ಲದ ಎಷ್ಟೋ ಪ್ರಾಣಿ. ಶಿಲುಬೆ ಹೊತ್ತ ಕುರಿಮರಿ ಇದೆ, ಅದು ಕ್ರಿಸ್ತನ ಗುರುತು. ಅದೇ ಸಾಲಿನಲ್ಲಿ ಒಂದು ನಾಯಿ, ಒಂದು ಮೊಲ ಒತ್ತಿಕೊಂಡು ಕೂತಿವೆ. ನಾಯಿಯ ಕಿವಿ ಜೋತುಬಿದ್ದಿದೆ, ಮೊಲದ ಕಣ್ಣು ದೊಡ್ಡದು. ಮಕ್ಕಳಿದ್ದರೆ ಮೊದಲು ಅದನ್ನೇ ಹುಡುಕಲು ಹೇಳಿ.

ಆ್ಯಪ್ಸ್ ಸುತ್ತ ಬರುವಾಗ ಶೀಲಾ ನಾ ಗಿಗ್ ಅನ್ನುವ ಶಿಲ್ಪ ಸಿಗುತ್ತದೆ. ದೊಡ್ಡ ತಲೆಯ ಹೆಂಗಸು, ಎರಡೂ ಕೈಯಿಂದ ಯೋನಿಯನ್ನು ಅಗಲಿಸಿ ಹಿಡಿದಿದ್ದಾಳೆ. ಚರ್ಚ್ ಗೋಡೆಯಲ್ಲಿ ಇದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕಾಮದ ಬಗ್ಗೆ ಎಚ್ಚರಿಕೆ ಅನ್ನುವವರಿದ್ದಾರೆ, ದೃಷ್ಟಿ ತೆಗೆಯುವುದಕ್ಕೆ ಅನ್ನುವವರಿದ್ದಾರೆ, ಸಂತಾನದ ಹರಕೆಗೆ ಅನ್ನುವವರೂ ಇದ್ದಾರೆ. 1842ರಲ್ಲಿ ಇಲ್ಲಿನ ಕೆತ್ತನೆಗಳ ಚಿತ್ರ ಬರೆದ ಜಾರ್ಜ್ ರಾಬರ್ಟ್ ಲೂಯಿಸ್ ಇದನ್ನು ಎದೆ ಸೀಳಿ ತೋರಿಸುವ ಮನುಷ್ಯ ಅಂತ ಬರೆದುಬಿಟ್ಟ. ಕಣ್ಣೆದುರೇ ಇದ್ದದ್ದನ್ನು ಒಪ್ಪಿಕೊಳ್ಳಲು ಆ ಕಾಲಕ್ಕೆ ಆಗಲಿಲ್ಲ. ನಮ್ಮವರು ಕೂಡಲೇ ಬಾದಾಮಿ ಮ್ಯೂಸಿಯಂನ ಲಜ್ಜಾಗೌರಿಯನ್ನು ನೆನೆಯುತ್ತಾರೆ. ನೆನಪಾಗುವುದು ಸಹಜ. ಆದರೆ ಎರಡನ್ನೂ ಗಂಟು ಹಾಕಬೇಡಿ ಅಂತ ನನ್ನ ಕೋರಿಕೆ. ಲಜ್ಜಾಗೌರಿಗೆ ಪೂಜೆ ಇತ್ತು, ಅವಳು ನಡುಮಧ್ಯೆ ಕೂತ ದೇವಿ. ಇವಳು ಮಾಡಿನ ಕೆಳಗೆ ನಾಯಿ, ಮೊಲ, ಪಿಟೀಲಿನವನ ಸಾಲಿನಲ್ಲಿ ಇರುವವಳು. ಅವಳನ್ನು ಆ ಸಾಲಿನಲ್ಲೇ ಇಟ್ಟು ನೋಡಿ.

ಪಶ್ಚಿಮ ಗೋಡೆಯಲ್ಲಿ ಬಾಯಿ ತೆರೆದು ನಾಲಿಗೆ ಸುರುಳಿ ಮಾಡಿದ ತಲೆಗಳು ಗೋಡೆಯಿಂದ ಹೊರಕ್ಕೆ ಚಾಚಿವೆ. ಸ್ಕ್ಯಾಂಡಿನೇವಿಯಾದ ಮರದ ಕೆತ್ತನೆಯ ಛಾಯೆ ಇವುಗಳಲ್ಲಿದೆ ಅನ್ನುತ್ತಾರೆ. ಮರದಲ್ಲಿ ಕೆತ್ತುವ ಗೆರೆಯನ್ನು ಕಲ್ಲಿಗೆ ತಂದವರ ಕೈಚಳಕ ಅಲ್ಲಿ ನೋಡಬೇಕು.

ದಕ್ಷಿಣದ ಬಾಗಿಲು

ಇಲ್ಲಿ ಆತುರ ಬೇಡ. ಹಳ್ಳಿ ಚರ್ಚ್‌ಗಳಲ್ಲಿ ಊರಿನವರು ಬರುವ ಬಾಗಿಲು ಹೆಚ್ಚಾಗಿ ದಕ್ಷಿಣಕ್ಕೆ ಇರುತ್ತದೆ, ಕಟ್ಟಿಸಿದವನ ದುಡ್ಡೂ ಅಲ್ಲೇ ಕಾಣುತ್ತದೆ. ಕಿಲ್ಪೆಕ್‌ನ ಬಾಗಿಲು ಕೆಂಪು ಮರಳುಗಲ್ಲಿನದು. ಬಾಗಿಲ ಮೇಲಿನ ಅರ್ಧಚಂದ್ರದ ಹಲಗೆಯಲ್ಲಿ ಗೊಂಚಲು ಬಿಟ್ಟ ಬಳ್ಳಿ, ಅದನ್ನು ಜೀವವೃಕ್ಷ ಅನ್ನುತ್ತಾರೆ. ಹೊರಗಿನ ಕಂಬಗಳಲ್ಲಿ ಹಾವುಗಳು ಒಂದರ ಬಾಲ ಒಂದು ನುಂಗುತ್ತಾ ಮೇಲೆ ಕೆಳಗೆ ಹರಿದಿವೆ. ಎಡಗಡೆ ಒಳಗಂಬದಲ್ಲಿ ಬಳ್ಳಿಯೊಳಗೆ ಸಿಕ್ಕಿಕೊಂಡ ಇಬ್ಬರು ಯೋಧರು, ಒಬ್ಬನ ಮೇಲೊಬ್ಬ, ಸಡಿಲ ಪಾಯಜಾಮದಂಥದ್ದು ತೊಟ್ಟವರು. ಬಲಗಡೆ ಕಂಬದ ತಲೆಯಲ್ಲಿ ಬಾಯಿಂದ ಎಲೆಬಳ್ಳಿ ಉಕ್ಕಿಸುವ ಮುಖ ಇದೆ. ಇಂಗ್ಲಿಷಿನವರು ಅವನನ್ನು ಹಸಿರು ಮನುಷ್ಯ ಅಂತ ಕರೆಯುತ್ತಾರೆ.

ಈಗ ಟಾರ್ಚ್ ಹಚ್ಚಿ. ಎದುರಿನಿಂದ ಬಿಡಬೇಡಿ, ಗೋಡೆಗೆ ತಾಗಿಸಿ ಪಕ್ಕದಿಂದ ಬಿಡಿ. ಇದು ಅಪ್ಪ ಕಲಿಸಿದ ಪಾಠ. ಎದುರು ಬೆಳಕಿನಲ್ಲಿ ಕಲ್ಲು ಚಪ್ಪಟೆ ಕಾಣುತ್ತದೆ, ಪಕ್ಕದ ಬೆಳಕಿನಲ್ಲಿ ಒಂದೊಂದು ಉಳಿ ಏಟಿಗೂ ನೆರಳು ಬೀಳುತ್ತದೆ. ನಾರ್ಮನ್ ಕಾಲದ ನುಣುಪು ಮಾಡಿದ ಕಲ್ಲಿನ ಮೇಲೆ ಹೆಚ್ಚಾಗಿ ಓರೆ ಗೀರುಗಳಿರುತ್ತವೆ. ಕೊಡಲಿಯಂಥ ಆಯುಧದಿಂದ ಕಲ್ಲನ್ನು ಓರೆಯಾಗಿ ಸವರಿದ ಗುರುತು ಅದು. ಗೀರು ಅಳತೆ ಹಿಡಿದ ಹಾಗೆ ಒಂದೇ ಸಮ, ಅಂಚು ಚೂಪು ಅಂದರೆ 19ನೇ ಶತಮಾನದ ರಿಪೇರಿ ಇರಬಹುದು ಅಂತ ಅನುಮಾನ ಪಡಿ. ಬರಿಗಣ್ಣಿಗೆ ಒಂದೇ ಥರ ಕಾಣುವ ಗೋಡೆ ಈ ಬೆಳಕಿನಲ್ಲಿ ಎರಡು ಮೂರು ಕಾಲವಾಗಿ ಒಡೆದು ಕಾಣುತ್ತದೆ. ಮುಟ್ಟಿ ನೋಡಬೇಡಿ, ಮರಳುಗಲ್ಲು ಕೈ ಸೋಕಿದಷ್ಟೂ ಸವೆಯುತ್ತದೆ.

ಬಾಗಿಲ ಫೋಟೊ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಅವರು ನೋಡಿದ್ದು ಹಾವನ್ನೂ ಅಲ್ಲ, ಯೋಧರನ್ನೂ ಅಲ್ಲ, ಸಂದುಗಳನ್ನು. "ಕಮಾನಿನ ಒಂದೊಂದು ಕಲ್ಲಿಗೂ ಒಂದೊಂದು ಪ್ರಾಣಿ ಮುಗಿಸಿದ್ದಾರೆ ನೋಡಮ್ಮ. ಕೆಳಗೆ ಕೂತು ಕೆತ್ತಿ, ಆಮೇಲೆ ಮೇಲೆ ಜೋಡಿಸಿರೋದು," ಅಂದರು. ಅಂದಿನಿಂದ ನಾನು ಯಾವ ಕಮಾನು ನೋಡಿದರೂ ಮೊದಲು ಸಂದು ನೋಡುತ್ತೇನೆ. ಚಿತ್ರ ಸಂದು ದಾಟಿ ಹರಿದಿದೆಯೇ, ಕಲ್ಲಿಗೊಂದರಂತೆ ನಿಂತಿದೆಯೇ? ಇದರಿಂದ ಕೆಲಸ ಹಂಚಿಕೊಂಡ ಬಗೆ ಗೊತ್ತಾಗುತ್ತದೆ.

ಇದನ್ನು ಕೆತ್ತಿದವರ ಒಂದು ಹೆಸರೂ ಉಳಿದಿಲ್ಲ. ಸರಿಸುಮಾರು ಅದೇ ಕಾಲದಲ್ಲಿ, 1117ರ ಬೇಲೂರು ಚೆನ್ನಕೇಶವ ದೇವಸ್ಥಾನದಲ್ಲಿ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಶಿಲ್ಪದ ಕೆಳಗೆ ತಮ್ಮ ಹೆಸರು ಬರೆದುಕೊಂಡರು. ಇಲ್ಲಿನವರಿಗೆ ಆ ಭಾಗ್ಯ ಇರಲಿಲ್ಲ. ಕಲೆಯ ಇತಿಹಾಸ ಬರೆಯುವವರು ಇವರನ್ನು ಹೆರಿಫರ್ಡ್‌ಶೈರ್ ಪಂಥ ಅನ್ನುತ್ತಾರೆ. ಅವರ ಕೈ ಗುರುತಿಸುವುದು ಕಷ್ಟವಿಲ್ಲ. ಬಟ್ಟೆಯ ಮಡಿಕೆ ನೋಡಿ. ಹತ್ತಿರ ಹತ್ತಿರ ಒಂದೇ ಸಮನೆ ಓಡುವ ಉಬ್ಬುಗೆರೆ, ಸ್ವೆಟರಿನ ಅಂಚಿನ ಹಾಗೆ. ಕಣ್ಣುಗುಡ್ಡೆ ಉಬ್ಬಿರುತ್ತದೆ. ಇದೇ ಕೈ ಸುತ್ತಲಿನ ಹಲವು ಚರ್ಚ್‌ಗಳಲ್ಲಿ ಸಿಗುತ್ತದೆ.

ಈಗ ಒಳಗೆ

ಬಾಗಿಲು ತೆರೆದ ಕೂಡಲೇ ಎದುರಿಗೆ ಏನೂ ಇಲ್ಲ ಅನ್ನಿಸುತ್ತದೆ. ಬೋಳುಗೋಡೆ, ಮರದ ಬೆಂಚು. ಮಧ್ಯಯುಗದಲ್ಲಿ ಹೀಗಿರಲಿಲ್ಲ. ಹಳ್ಳಿ ಚರ್ಚ್‌ಗಳ ಗೋಡೆ ತುಂಬಾ ಬಣ್ಣದ ಚಿತ್ರ ಇರುತ್ತಿತ್ತು, ಕೆತ್ತನೆಗೂ ಬಣ್ಣ ಬಳಿಯುತ್ತಿದ್ದರು. ರಾಜ ಎಂಟನೇ ಹೆನ್ರಿ ರೋಮ್‌ನ ಪೋಪ್ ಜೊತೆ ನಂಟು ಕಡಿದುಕೊಂಡ ಮೇಲೆ, ಅವನ ಮಗ ಆರನೇ ಎಡ್ವರ್ಡ್ ಕಾಲದಲ್ಲಿ, 1547ರ ನಂತರ, ಚರ್ಚ್‌ನಲ್ಲಿ ಮೂರ್ತಿ, ಚಿತ್ರ ಕೂಡದು ಅಂತ ದೇಶದ ತುಂಬಾ ಆ ಚಿತ್ರಗಳ ಮೇಲೆ ಸುಣ್ಣ ಬಿತ್ತು. ಯಾವ ಚರ್ಚ್‌ಗೆ ಹೋದರೂ ಕಿಟಕಿಯ ಒಳಮಗ್ಗುಲು, ಕಮಾನಿನ ಅಡಿ ನೋಡಿ. ಸುಣ್ಣ ಕಿತ್ತ ಕಡೆ ಕಾವಿ ಬಣ್ಣದ ಗೆರೆ ಇಣುಕುತ್ತಿರುತ್ತದೆ.

ಕಿಲ್ಪೆಕ್‌ನಲ್ಲಿ ನೇವ್‌ಗೂ ಚಾನ್ಸೆಲ್‌ಗೂ ನಡುವಿನ ಕಮಾನಿನ ಬಳಿ ನಿಲ್ಲಿ. ಎರಡೂ ಬದಿಯ ಕಂಬದಲ್ಲಿ ಒಬ್ಬರ ಮೇಲೊಬ್ಬರಂತೆ ಮೂರು ಮೂರು ಜನ ನಿಂತಿದ್ದಾರೆ, ಕ್ರಿಸ್ತನ ಶಿಷ್ಯರು. ಬೀಗದ ಕೈ ಹಿಡಿದವನು ಪೀಟರ್. ಕಂಬಕ್ಕೇ ಮನುಷ್ಯರನ್ನು ಹೀಗೆ ಪೇರಿಸಿ ಕೆತ್ತುವುದು ಇಂಗ್ಲೆಂಡಿನಲ್ಲಿ ಅಪರೂಪ. ಸ್ಪೇನಿನ ಸಾಂಟಿಯಾಗೊ ದೆ ಕೊಂಪೊಸ್ತೆಲಾ ಯಾತ್ರಾಸ್ಥಳದ ಬಾಗಿಲಲ್ಲಿ ಇಂಥದ್ದಿದೆ. ಹೆರಿಫರ್ಡ್ ಸೀಮೆಯ ಆಲಿವರ್ ದೆ ಮೆರ್ಲಿಮಾಂಡ್ ಎಂಬ ಅಧಿಕಾರಿ ಆ ಯಾತ್ರೆ ಮಾಡಿದ್ದ, ಶಾಬ್ಡನ್‌ನಲ್ಲಿ ಚರ್ಚ್ ಕಟ್ಟಿಸಿದ. ಆ ದಾರಿಯಲ್ಲಿ ಕಂಡದ್ದೇ ಇಲ್ಲಿಗೂ ಬಂತು ಅನ್ನುವುದು ಇತಿಹಾಸಕಾರರ ಊಹೆ. ಮುಂದೆ ಆ್ಯಪ್ಸ್‌ನಲ್ಲಿ ತಲೆಯೆತ್ತಿ. ಚಾವಣಿಯ ಕಲ್ಲಿನ ಪಟ್ಟಿಗಳು ಕೂಡುವ ಕಡೆ ಪ್ರಾಣಿಯ ತಲೆಗಳ ಗಂಟು ಇದೆ.

ಇನ್ನು ಕೆಲವು ವಸ್ತು ಯಾವ ಹಳ್ಳಿ ಚರ್ಚ್‌ನಲ್ಲಾದರೂ ಹುಡುಕಿ. ಬಾಗಿಲ ಹತ್ತಿರ ಕಲ್ಲಿನ ದೊಡ್ಡ ಬೋಗುಣಿ, ದೀಕ್ಷಾಸ್ನಾನದ್ದು, ಫಾಂಟ್ ಅನ್ನುತ್ತಾರೆ. ಎಷ್ಟೋ ಕಡೆ ಕಟ್ಟಡಕ್ಕಿಂತ ಇದೇ ಹಳೆಯದು. ಅಂಚಿನಲ್ಲಿ ಕಬ್ಬಿಣದ ಕೊಂಡಿ ಕಿತ್ತ ಗಾಯ ಇದೆಯೇ ನೋಡಿ. ಮಂತ್ರಿಸಿದ ನೀರನ್ನು ಜನ ಮಾಟಮಂತ್ರಕ್ಕೆ ಕದಿಯುತ್ತಾರೆ ಅಂತ ಮುಚ್ಚಳಕ್ಕೆ ಬೀಗ ಹಾಕಿಸುತ್ತಿದ್ದರು, 1236ರಲ್ಲಿ ಕ್ಯಾಂಟರ್ಬರಿ ಆರ್ಚ್‌ಬಿಷಪ್ ಎಡ್ಮಂಡ್ ಆ ಆಜ್ಞೆ ಹೊರಡಿಸಿದ್ದ. ಚಾನ್ಸೆಲ್‌ನ ದಕ್ಷಿಣ ಗೋಡೆಯಲ್ಲಿ ತೂತಿರುವ ಸಣ್ಣ ಗೂಡು ಪೂಜೆಯ ಪಾತ್ರೆ ತೊಳೆದ ನೀರು ಚೆಲ್ಲುವುದಕ್ಕೆ. ಚಾನ್ಸೆಲ್ ಕಮಾನಿನ ಪಕ್ಕ ಎಲ್ಲಿಗೂ ಹೋಗದ ಮೆಟ್ಟಿಲು ಕಂಡರೆ, ಅದು ಕಿತ್ತುಹಾಕಿದ ಶಿಲುಬೆ ಅಟ್ಟಕ್ಕೆ, ಅಂದರೆ ಕಮಾನಿಗೆ ಅಡ್ಡಲಾಗಿ ಶಿಲುಬೆಯ ಜೊತೆ ಕಟ್ಟಿರುತ್ತಿದ್ದ ಮರದ ಅಟ್ಟಕ್ಕೆ, ಹತ್ತುತ್ತಿದ್ದ ದಾರಿ. ಹೊರಗೆ ದಕ್ಷಿಣ ಬಾಗಿಲ ಪಕ್ಕದ ಕಲ್ಲಿನಲ್ಲಿ ನಡುವೆ ತೂತು, ಅದರಿಂದ ಕೆಳಗೆ ಬೀಸಣಿಗೆಯಂತೆ ಗೀರು ಇದ್ದರೆ ಅದು ನೆರಳು ಗಡಿಯಾರ. ಕಡ್ಡಿ ಸಿಕ್ಕಿಸಿ ಪ್ರಾರ್ಥನೆಯ ಹೊತ್ತು ತಿಳಿಯುತ್ತಿದ್ದರು. ಉತ್ತರದ ಬಾಗಿಲು ಮುಚ್ಚಿದ್ದರೆ ಯಾರಾದರೂ ದೆವ್ವದ ಬಾಗಿಲು ಅಂತ ಕಥೆ ಹೇಳುತ್ತಾರೆ. ಆ ಬಾಗಿಲಲ್ಲಿ ಮೆರವಣಿಗೆ ಹೊರಡುತ್ತಿತ್ತು, 16ನೇ ಶತಮಾನದಲ್ಲಿ ಮೆರವಣಿಗೆ ನಿಂತಿತು, ಚಳಿಗಾಳಿ ಬರುತ್ತದೆಂದು ಕಲ್ಲಿಟ್ಟು ಮುಚ್ಚಿದರು. ನನಗೆ ಈ ಕಾರಣವೇ ಸರಿ ಅನ್ನಿಸುತ್ತದೆ.

ಕಾಲ ಹೇಳುವುದು ಕಿಟಕಿ

ಕಿಟಕಿಯ ತಲೆ ಗುಂಡಗಿದ್ದು, ಕಿಟಕಿ ಸಣ್ಣದಿದ್ದರೆ ನಾರ್ಮನ್, ಸುಮಾರು 1190ರ ತನಕ. ತಲೆ ಚೂಪಾಗಿ, ಕಿಟಕಿ ಉದ್ದ ಸಪೂರವಾಗಿದ್ದರೆ 13ನೇ ಶತಮಾನದ ಮೊದಲರ್ಧ. ಅಗಲ ಕಿಟಕಿ, ಮೇಲ್ಭಾಗದಲ್ಲಿ ಕಲ್ಲಿನ ಹೂವು, ಬಳುಕುವ ಗೆರೆ ಅಂದರೆ 1350ರ ಒಳಗಿನದ್ದು. ನೆಟ್ಟಗಿನ ಕಲ್ಲುಪಟ್ಟಿಗಳು ಕೆಳಗಿನಿಂದ ಮೇಲಿನ ತನಕ ಸಾಗಿ ಚೌಕಟ್ಟು ಚೌಕಟ್ಟಾಗಿ ಕಂಡರೆ ಆಮೇಲಿನದ್ದು, ಸುಮಾರು 1530ರ ತನಕ. ನಡುವೆ 1348ರಲ್ಲಿ ಪ್ಲೇಗ್ ಬಂತು, ಕಲ್ಲುಕೆಲಸದವರೂ ಸತ್ತರು, ಅರ್ಧಕ್ಕೆ ನಿಂತ ಕಟ್ಟಡಗಳೂ ಇವೆ. ಚೂಪು ಕಮಾನು ಬರೀ ಚೆಂದಕ್ಕೆ ಬಂದದ್ದಲ್ಲ. ಗುಂಡು ಕಮಾನಿನಲ್ಲಿ ಅಗಲ ಎಷ್ಟೋ ಅದರರ್ಧ ಎತ್ತರ, ಅದು ಕಟ್ಟಿಟ್ಟದ್ದು. ಚೂಪು ಕಮಾನಿನಲ್ಲಿ ಅಗಲ ಹಾಗೇ ಇಟ್ಟು ಎತ್ತರ ಬೇಕಾದಷ್ಟು ಮಾಡಬಹುದು, ಪಕ್ಕದ ಗೋಡೆಯ ಮೇಲಿನ ಒತ್ತಡವೂ ಕಡಿಮೆ.

ಒಂದು ಎಚ್ಚರಿಕೆ: ಕಿಟಕಿಯ ಕಾಲ ಗೋಡೆಯ ಕಾಲ ಅಲ್ಲ. ಹಳೇ ಗೋಡೆ ಒಡೆದು ಹೊಸ ಕಿಟಕಿ ಕೂರಿಸುವುದು ಮಾಮೂಲು. ಕಿಟಕಿಯ ಪಕ್ಕ ಗೋಡೆಕಲ್ಲಿನ ಸಾಲು ಕಡಿದು ತೇಪೆ ಹಾಕಿದ್ದರೆ ಕಿಟಕಿ ಆಮೇಲಿನದ್ದು. ವಿಕ್ಟೋರಿಯಾ ಕಾಲದವರು ಹಳೇ ಶೈಲಿಯಲ್ಲೇ ಹೊಸದು ಮಾಡಿದ್ದು ಬೇಕಾದಷ್ಟಿದೆ. ಗೋಡೆ ಕೆರೆದು ಹೊಸದು ಮಾಡುವ ಆ ಹುಮ್ಮಸ್ಸಿಗೆ ಸಿಟ್ಟಾಗಿ ಕವಿ, ವಿನ್ಯಾಸಕಾರ ವಿಲಿಯಂ ಮೋರಿಸ್ 1877ರಲ್ಲಿ ಹಳೇ ಕಟ್ಟಡ ಉಳಿಸುವ ಸಂಘ ಕಟ್ಟಿದರು. ಅದು ಇನ್ನೂ ಕೆಲಸ ಮಾಡುತ್ತಿದೆ.

ಕಿಲ್ಪೆಕ್ ಆದಮೇಲೆ

ಅದೇ ದಿನ ಸಮಯ ಉಳಿದಿದ್ದರೆ ರೋಲ್‌ಸ್ಟನ್‌ಗೆ ಹೋಗಿ. ಬಾಗಿಲ ಮೇಲೆ ದೇವದೂತರು ಎತ್ತಿ ಹಿಡಿದ ಕ್ರಿಸ್ತ ಇದ್ದಾನೆ, ಬಟ್ಟೆಯ ಆ ಉಬ್ಬುಗೆರೆ ಕೂಡಲೇ ಗುರುತು ಸಿಗುತ್ತದೆ. ಸೇಂಟ್ ಮಾರ್ಗರೆಟ್ಸ್ ಅನ್ನುವ ಪುಟ್ಟ ಊರಿನಲ್ಲಿ, ಬೇರೆ ಕಡೆ ಎಲ್ಲಾ ಕಿತ್ತುಹಾಕಿದ ಮರದ ಶಿಲುಬೆ ಅಟ್ಟ ಉಳಿದುಕೊಂಡಿದೆ, ಸುಮಾರು 1520ರದ್ದು. ಅದನ್ನು ನೋಡಿದರೆ ಎಲ್ಲಿಗೂ ಹೋಗದ ಮೆಟ್ಟಿಲು ಎಲ್ಲಿಗೆ ಹೋಗುತ್ತಿತ್ತು ಅಂತ ಅರ್ಥವಾಗುತ್ತದೆ. ಅರ್ಡ್ಸ್‌ಲಿಯ ಫಾಂಟ್ ಮೇಲೆ ಇಬ್ಬರು ಈಟಿ, ಕತ್ತಿ ಹಿಡಿದು ಹೊಡೆದಾಡುತ್ತಿದ್ದಾರೆ. ಅದೂ ಈ ಕಲ್ಲುಕೆಲಸದವರದ್ದೇ. ಶಾಬ್ಡನ್‌ಗೆ ಕೊನೆಗೆ ಹೋಗಿ. 1750ರ ದಶಕದಲ್ಲಿ ಅಲ್ಲಿನ ಹಳೇ ಚರ್ಚ್ ಕೆಡವಿ, ಅದರ ಕಮಾನುಗಳನ್ನು ನೋಟಕ್ಕೆಂದು ಗುಡ್ಡದ ಮೇಲೆ ಬಯಲಿನಲ್ಲಿ ನಿಲ್ಲಿಸಿದರು. ಮಳೆ ಚಳಿಗೆ ಕೆತ್ತನೆ ಬಹುಪಾಲು ಅಳಿಸಿಹೋಗಿದೆ. ಕಿಲ್ಪೆಕ್‌ನ ಬಾಗಿಲಲ್ಲಿ ಕಂಡ ಬಳ್ಳಿ, ಯೋಧರು ಕಣ್ಣಲ್ಲಿದ್ದರೆ ಆ ಸವೆದ ಕಲ್ಲಿನಲ್ಲೂ ಅವರನ್ನು ಬಿಡಿಸಿಕೊಳ್ಳಬಹುದು.

ಹೊರಡುವಾಗ ಬಾಗಿಲು ಎಳೆದು ಅಗಳಿ ಹಾಕಿ, ಇಲ್ಲವಾದರೆ ಹಕ್ಕಿ ಒಳಗೆ ಸೇರಿಕೊಂಡು ಹೊರಗೆ ಬರಲಾರದೆ ಸಾಯುತ್ತವೆ. ಹುಂಡಿಗೆ ಏನಾದರೂ ಹಾಕಿ. ಎಷ್ಟೋ ಕಡೆ ಕಾರ್ಡ್ ತಾಗಿಸುವ ಯಂತ್ರವೂ ಇದೆ. ಆ ಮಾಡಿನ ಸೋರಿಕೆ ರಿಪೇರಿ ಮಾಡಿಸುವವರು ಈಗಲೂ ಊರಿನ ಆ ಹತ್ತಿಪ್ಪತ್ತು ಜನವೇ.